ಒಂಟಿ ಅಕ್ಷರ, ಕಿರುಮುದ್ರೆ

(ಕೊಣ್ಣೂರಿನಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯ ಆಮಂತ್ರಣ ಪತ್ರಿಕೆ ನಮ್ಮ ಮನೆಗೆ ಬಂದಾಗ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಪೂಜ್ಯರ ಹೆಸರಿನ ಹಿಂದೆ ‘ನಿ.ಪ್ರ.’ ಎಂದು ಅಚ್ಚಾಗಿತ್ತು. ಓದಿ, ನನ್ನ ಕಡೆ ತಿರುಗಿ, “ಅಜ್ಜಾ, ಸ್ವಾಮಿಗಳು ಮೊದಲ ಕಾಲೇಜಿನ್ಯಾಗ ಇದ್ದರೇನು?” ಅಂದಳು. “ಯಾಕವ್ವ?” ಎಂದೆ. “ನಿ.ಪ್ರ. ಅಂದ್ರ ನಿವೃತ್ತ ಪ್ರಾಚಾರ್ಯರು ಅಲ್ಲೇನು?”

ನಾನು ನಕ್ಕುಬಿಟ್ಟೆ. ಪೂಜ್ಯರೂ ಈಗ ನಗುತ್ತಿದ್ದಾರೆ. ಆದರೆ ಸಂಜೆ ಕಟ್ಟೆಯ ಮೇಲೆ ಕುಳಿತಾಗ ದಿನಾಲು ಮಠಕ್ಕೆ ಬಂದುಹೋಗುವ ನಾಲ್ವರನ್ನು ಕೇಳಿದೆ: ‘ನಿ.ಪ್ರ. ಅಂದರೆ ಏನ್ರಿ?’ ಇಬ್ಬರು ‘ನಿರಂಜನ ಪ್ರಣವಸ್ವರೂಪಿ’ ಎಂದು ಹೇಳಿದರು. ಉಳಿದಿಬ್ಬರು, ‘ಸ್ವಾಮಿಗಳ ಹೆಸರಿನ ಹಿಂದೆ ಹಾಕೋದ್ರಿ’ ಎಂದು ಸುಮ್ಮನಾದರು. ನನ್ನ ನಗು ಅಲ್ಲಿಗೆ ನಿಂತಿತು. ಮಗುವಿನ ತಪ್ಪು ಮಗುವಿನದಲ್ಲ. ಬೀಗವನ್ನು ಕೈಗೆ ಕೊಟ್ಟು ಕೀಲಿ ಕೊಡದೆ ಇದ್ದವರು ನಾವು. ಆ ಕೀಲಿಯ ವಿಷಯವನ್ನೇ ಇಂದು ಮಾತಾಡಬೇಕೆಂದು ಬಂದಿದ್ದೇನೆ.

ನಮ್ಮ ಬದುಕಿನ ತುಂಬ ಇಂಥ ತುಂಡಕ್ಷರಗಳಿವೆ. ಲಗ್ನಪತ್ರಿಕೆಯಲ್ಲಿ ‘ಚಿ.’ ಎಂದರೆ ಚಿರಂಜೀವಿ. ಗೋಡೆಯ ಮೇಲಿನ ಫೋಟೋದ ಕೆಳಗೆ ‘ಲಿಂ.’ ಎಂದರೆ ಲಿಂಗೈಕ್ಯ. ವಿಳಾಸದಲ್ಲಿ ‘ತಾ.’, ‘ಜಿ.’ ಎಂದರೆ ತಾಲೂಕು, ಜಿಲ್ಲೆ. ಹಾಡಿನ ಪುಸ್ತಕದಲ್ಲಿ ‘ಪ’ ಎಂದು ಇದ್ದರೆ ಅದು ಪಲ್ಲವಿ, ಹಿಂದಕ್ಕೆ ಬಂದು ಮತ್ತೆ ಹಾಡಬೇಕು ಎಂದು ಭಜನೆಯವರಿಗೆ ಗೊತ್ತು. ಇದು ಇಂದಿನ ರೂಢಿಯಲ್ಲ. ಶಾಸನಗಳನ್ನು ನೋಡಿದರೆ ‘ಗದ್ಯಾಣ’ ಎಂಬ ನಾಣ್ಯದ ಹೆಸರನ್ನು ಪೂರ್ತಿ ಕೆತ್ತುವ ಬದಲು ‘ಗ’ ಎಂದಷ್ಟೇ ಕೆತ್ತಿ ಮುಂದೆ ಅಂಕಿ ಹಾಕಿದ್ದು ಎಷ್ಟೋ ಕಡೆ ಸಿಗುತ್ತದೆ. ಕಲ್ಲು ಕೊರೆಯುವವನಿಗೆ ಒಂದೊಂದು ಅಕ್ಷರವೂ ಬೆವರು. ‘ಸುದಿ’, ‘ಬದಿ’ ಎಂದು ತಿಥಿ ಹೇಳುತ್ತಿದ್ದರಲ್ಲ, ಅವು ಶುಕ್ಲಪಕ್ಷದ ದಿನ, ಬಹುಳಪಕ್ಷದ ದಿನ ಎಂಬುದರ ಮೊದಲಕ್ಷರಗಳು ಕೂಡಿ ಹುಟ್ಟಿದ ಮಾತುಗಳು. ತುಂಡಕ್ಷರವೇ ಬೆಳೆದು ಶಬ್ದವಾಯಿತು.

ಬರೆಯುವವನಿಗೂ ಓದುವವನಿಗೂ ನಡುವೆ ಒಂದು ತಿಳಿವಳಿಕೆ ಇರುವತನಕ ತುಂಡಕ್ಷರ ಜೀವಂತ. ಆ ತಿಳಿವಳಿಕೆ ಕಡಿದ ದಿನ ಅದು ಒಗಟು. ಒಗಟಾದ ಅಕ್ಷರಕ್ಕೆ ಯಾರು ಬೇಕಾದರೂ ತಮಗೆ ಬೇಕಾದ ಅರ್ಥ ಹಚ್ಚಬಹುದು.

ಪಂಡಿತರು ಇಂಥ ಗುರುತಿನ ಅಕ್ಷರಕ್ಕೆ ಒಂದು ಹೆಸರಿಟ್ಟಿದ್ದಾರೆ, ‘ಸಿಗ್ಲಮ್’. ಹಲವಿದ್ದರೆ ‘ಸಿಗ್ಲ’. ಅದು ಲ್ಯಾಟಿನ್ ಮಾತು. ನಾವು ಸಂಕೇತಾಕ್ಷರ ಎನ್ನೋಣ. ಈ ಸಿಗ್ಲ ಎಲ್ಲಿಂದ ಬಂತು ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ, ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಮೊದಲನೆಯದು, ‘ಸಿಂಗುಲ’ ಎಂಬ ಮಾತು ಸವೆದು ‘ಸಿಗ್ಲ’ ಆಯಿತು ಎನ್ನುವುದು. ಸಿಂಗುಲ ಎಂದರೆ ಒಂದೊಂದೇ, ಒಂಟಿಯಾದವು. ಇಡೀ ಶಬ್ದದ ಬದಲು ಒಂಟಿ ಅಕ್ಷರ. ರೋಮಿನವರು ತಮ್ಮ ಸೆನೆಟ್ ಮತ್ತು ಜನತೆಯ ಹೆಸರನ್ನು ಎಸ್, ಪಿ, ಕ್ಯು, ಆರ್ ಎಂಬ ನಾಲ್ಕೇ ಅಕ್ಷರಗಳಲ್ಲಿ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಕ್ರಿ.ಶ. 1ನೆಯ ಶತಮಾನದಲ್ಲಿ ವಲೇರಿಯಸ್ ಪ್ರೋಬಸ್ ಎಂಬ ವ್ಯಾಕರಣಕಾರ ಇಂಥ ಒಂಟಿ ಅಕ್ಷರಗಳಿಗೆ ಅರ್ಥ ಹೇಳುವ ಒಂದು ಪುಸ್ತಕವನ್ನೇ ಬರೆದ. ಅಂದರೆ ಆಗಲೇ ಅಲ್ಲಿಯೂ ಕೀಲಿ ಕಳೆಯಲು ಶುರುವಾಗಿತ್ತು ಎಂದಾಯಿತು.

ಎರಡನೆಯದು, ‘ಸಿಗಿಲ್ಲ’ ಎಂಬ ಮಾತಿನಿಂದ ಬಂತು ಎನ್ನುವುದು. ಸಿಗಿಲ್ಲ ಎಂದರೆ ಚಿಕ್ಕ ಗುರುತುಗಳು, ಕಿರುಮುದ್ರೆಗಳು. ಉಂಗುರದಲ್ಲಿ ಕೆತ್ತಿಸಿಕೊಂಡು ಅರಗಿನ ಮೇಲೆ ಒತ್ತುವ ಮುದ್ರೆ. ನಾವು ನರಗುಂದದ ಕಚೇರಿಗೆ ಹೋಗಿ ‘ಸಹಿ ಆತು, ಸೀಲ್ ಒಂದು ಒತ್ತಿ ಕೊಡ್ರಿ’ ಎನ್ನುತ್ತೇವಲ್ಲ, ಆ ಸೀಲ್ ಕೂಡ ಇದೇ ಬೇರಿನಿಂದ ಒಡೆದ ಮಾತು.

ಒಂಟಿ ಅಕ್ಷರವೋ, ಕಿರುಮುದ್ರೆಯೋ? ಪಂಡಿತರ ಜಗಳ ಅವರಿಗಿರಲಿ. ಎರಡೂ ಅರ್ಥಗಳು ನಮಗೆ ಬೇಕು. ಯಾಕೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಒಬ್ಬ ದೊರೆಯ ಸಂಗತಿ. ಜಸ್ಟಿನಿಯನ್ ಎಂಬ ಚಕ್ರವರ್ತಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಳುತ್ತಿದ್ದ. ರೋಮನ್ ನ್ಯಾಯಶಾಸ್ತ್ರವನ್ನೆಲ್ಲ ಸೋಸಿ ಒಂದು ದೊಡ್ಡ ಸಂಕಲನ ಮಾಡಿಸಿ 533ರಲ್ಲಿ ಹೊರತಂದ. ಅದರ ಜೊತೆಗೆ ಒಂದು ಆಜ್ಞೆ: ಈ ಗ್ರಂಥವನ್ನು ಪ್ರತಿ ಮಾಡುವಾಗ ಯಾರೂ ಸಿಗ್ಲಗಳನ್ನು ಬಳಸಕೂಡದು, ಪ್ರತಿಯೊಂದು ಮಾತನ್ನೂ ಪೂರ್ತಿ ಬರೆಯಬೇಕು, ಮೀರಿದವರಿಗೆ ಖೊಟ್ಟಿ ಕಾಗದ ಸೃಷ್ಟಿಸಿದವರಿಗೆ ಕೊಡುವ ಶಿಕ್ಷೆ. ಸಿಗ್ಲ ಎಂಬ ಶಬ್ದ ಕಾಣಸಿಗುವ ಹಳೆಯ ಕಡೆಗಳಲ್ಲಿ ಈ ಆಜ್ಞೆಯೂ ಒಂದು. ದೊರೆಗೆ ಯಾಕೆ ಅಷ್ಟು ಸಿಟ್ಟು? ತುಂಡಕ್ಷರದ ನೆರಳಿನಲ್ಲಿ ಕಾನೂನು ಎರಡು ಬಾಯಿಯದಾಗುತ್ತದೆ, ಒಬ್ಬ ಹೀಗೆ ಬಿಡಿಸಿದರೆ ಇನ್ನೊಬ್ಬ ಹಾಗೆ ಬಿಡಿಸುತ್ತಾನೆ, ನಡುವೆ ಬಡವನ ಹೊಲ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಆಶ್ಚರ್ಯದ ಮಾತೆಂದರೆ, ಒಂದು ಕಾಲಕ್ಕೆ ಮೋಸದ ದಾರಿ ಎಂದು ನಿಷೇಧಿಸಿದ ಈ ಸಿಗ್ಲವೇ ಮುಂದೆ ಸತ್ಯವನ್ನು ಕಾಯುವ ಸಾಧನವಾಯಿತು. ಗ್ರಂಥಸಂಪಾದನೆ ಎಂಬ ಶಾಸ್ತ್ರದಲ್ಲಿ ಈಗ ಸಿಗ್ಲಮ್ ಎಂದರೆ ಒಂದು ಹಸ್ತಪ್ರತಿಯನ್ನು ಗುರುತಿಸುವ ಅಕ್ಷರ. ಅದು ಹೇಗೆಂದು ನಮ್ಮ ವಚನಗಳ ಉದಾಹರಣೆಯಿಂದಲೇ ನೋಡೋಣ.

ಶರಣರು ವಚನ ನುಡಿದದ್ದು 12ನೆಯ ಶತಮಾನದಲ್ಲಿ. ಇಂದು ನಮ್ಮ ಕೈಗೆ ಸಿಕ್ಕಿರುವ ಓಲೆಕಟ್ಟುಗಳು ಅವರು ಕೈಯಾರೆ ಬರೆದವಲ್ಲ. ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು ಎಂದು ನಮ್ಮ ಪರಂಪರೆ ನೆನೆಯುತ್ತದೆ. ಅಲ್ಲಿಂದ ಮುಂದೆ ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು, ಅವರದನ್ನು ನೋಡಿ ಮತ್ತೊಬ್ಬರು. ಪ್ರೌಢದೇವರಾಯನ ಕಾಲದಲ್ಲಿ, 15ನೆಯ ಶತಮಾನದಲ್ಲಿ, ವಿರಕ್ತರು ವಚನಗಳನ್ನು ಹುಡುಕಿ ಕೂಡಿಸಿ ಸ್ಥಲಕಟ್ಟಿನಲ್ಲಿ ಜೋಡಿಸಿದರು. ಆಮೇಲೆ ಮಠಮಠಗಳಲ್ಲಿ, ಮನೆಮನೆಗಳಲ್ಲಿ ಪ್ರತಿಯ ಮೇಲೆ ಪ್ರತಿ ಆದವು.

ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯುವ ಕೆಲಸ ಸುಲಭದ್ದಲ್ಲ. ಶಬ್ದದಿಂದ ಶಬ್ದಕ್ಕೆ ಬಿಡುವಿಲ್ಲ, ಅಲ್ಪವಿರಾಮವಿಲ್ಲ, ಸಾಲು ಸರಪಳಿಯಂತೆ ಹೋಗುತ್ತದೆ. ಹಳೆಯ ಬರಹದಲ್ಲಿ ಎ ಮತ್ತು ಏ, ಒ ಮತ್ತು ಓ ಸ್ವರಗಳಿಗೆ ಬೇರೆಬೇರೆ ಗುರುತು ಇರುತ್ತಿರಲಿಲ್ಲ. ‘ಕೊಡು’ ಎಂದು ಬರೆದಿದ್ದರೆ ಅದು ನೀಡು ಎಂಬ ಕೊಡುವೋ, ಎತ್ತಿನ ತಲೆಯ ಮೇಲಿನ ಕೋಡೋ, ಓದುವವನೇ ನಿಶ್ಚಯಿಸಬೇಕು. ಪ ಮತ್ತು ವ ಒಂದಕ್ಕೊಂದು ಹತ್ತಿರ. ರಾತ್ರಿ ದೀಪದ ಬೆಳಕಿನಲ್ಲಿ, ಮುಪ್ಪಿನ ಕಣ್ಣಿನಲ್ಲಿ, ಒಂದು ಇನ್ನೊಂದಾಗುವುದಕ್ಕೆ ಎಷ್ಟು ಹೊತ್ತು? ಬರೆದ ಪುಣ್ಯಾತ್ಮರಿಗೂ ಅದು ಗೊತ್ತಿತ್ತು. ಕಟ್ಟಿನ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂದು ವಿನಯದಿಂದ ಬೇಡಿಕೊಂಡಿರುತ್ತಾರೆ.

ಈಗ ಒಂದೇ ವಚನ ಮೂರು ಓಲೆಕಟ್ಟುಗಳಲ್ಲಿ ಸಿಕ್ಕಿತು ಎನ್ನಿ. ಎರಡರಲ್ಲಿ ಒಂದು ಮಾತು, ಮೂರನೆಯದರಲ್ಲಿ ಇನ್ನೊಂದು ಮಾತು. ಸಂಪಾದಕರು ಏನು ಮಾಡಬೇಕು? ತಮಗೆ ಸರಿಕಂಡದ್ದನ್ನು ಅಚ್ಚು ಹಾಕಿಸಿ ಉಳಿದದ್ದನ್ನು ಮುಚ್ಚಿಟ್ಟರೆ ಅದು ಖೊಟ್ಟಿ ಕೆಲಸ. ಅದಕ್ಕೆ ಒಂದು ಶಿಸ್ತು ಕಟ್ಟಿಕೊಂಡರು. ಮೊದಲನೆಯ ಕಟ್ಟಿಗೆ ‘ಕ’, ಎರಡನೆಯದಕ್ಕೆ ‘ಖ’, ಮೂರನೆಯದಕ್ಕೆ ‘ಗ’ ಎಂದು ಹೆಸರಿಟ್ಟು, ಪುಸ್ತಕದ ಆರಂಭದಲ್ಲಿ ‘ಕ’ ಎಂದರೆ ಯಾವ ಊರಿನದು, ಯಾರಲ್ಲಿ ಇತ್ತು, ಎಷ್ಟು ಗರಿ, ಎಲ್ಲಿ ಹುಳು ತಿಂದಿದೆ ಎಂದು ವಿವರ ಬರೆದರು. ಒಪ್ಪಿದ ಪಾಠವನ್ನು ಮೇಲೆ ಅಚ್ಚು ಹಾಕಿಸಿ, ಬಿಟ್ಟ ಪಾಠವನ್ನು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದು ಮುಂದೆ ‘ಗ’ ಎಂದು ಹಚ್ಚಿದರು. ಅಂದರೆ, ‘ಓದುಗನೆ, ನಾನು ಇದನ್ನು ಆರಿಸಿದೆ, ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಇಗೋ ದಾರಿ, ಹೋಗಿ ನೋಡು’ ಎಂದು ಹೇಳಿದಂತೆ. ಪುಣೆಯ ಭಂಡಾರಕರ ಸಂಸ್ಥೆಯವರು 1919ರಿಂದ 1966ರವರೆಗೆ ದುಡಿದು ಮಹಾಭಾರತದ ಪರಿಷ್ಕೃತ ಆವೃತ್ತಿ ತಂದದ್ದು ಇದೇ ಶಿಸ್ತಿನಿಂದ. ಅಲ್ಲಿ ಶಾರದಾ ಲಿಪಿಯ ಪ್ರತಿಗೆ ಒಂದಕ್ಷರ, ತೆಲುಗಿನದಕ್ಕೆ ಒಂದಕ್ಷರ, ಮಲಯಾಳದ್ದಕ್ಕೆ ಒಂದಕ್ಷರ.

ಮಠಕ್ಕೆ ಒಂದು ಚೀಲ ಜೋಳ ಕೊಟ್ಟರೆ ಪಾವತಿ ಹರಿದು ಕೊಡುತ್ತಾರೆ. ಸಂಪಾದಕ ಕೊಡುವ ಪಾವತಿಯೇ ಈ ಅಕ್ಷರ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಅವರ ನುಡಿಯನ್ನು ಅಚ್ಚು ಹಾಕಿಸುವವರು ಲೆಕ್ಕ ಒಪ್ಪಿಸದೆ ಹೋಗಬಹುದೇ?

ಕನ್ನಡದಲ್ಲಿ ಈ ದಾರಿ ತಾನಾಗಿ ಆಗಲಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಕಟ್ಟು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬಂತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ನಾವು ಇಂದು ಸೇರಿರುವ ಗೋಷ್ಠಿಯ ಹೆಸರಿನಲ್ಲಿಯೂ ಆ ಪತ್ರಿಕೆಯ ನೆನಪಿದೆ. 1964ರಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಬಂದು ಪ್ರತಿಗಳನ್ನು ಹೇಗೆ ತೂಗಬೇಕೆಂದು ಕಲಿಸಿತು. ಧಾರವಾಡದಲ್ಲಿ ಶಿ.ಶಿ. ಬಸವನಾಳ, ಆರ್.ಸಿ. ಹಿರೇಮಠ, ಮೈಸೂರಿನ ಕಡೆ ಎಲ್. ಬಸವರಾಜು ಇವರೆಲ್ಲ ವಚನಗಳನ್ನು ಪ್ರತಿ ಇಟ್ಟು ಪ್ರತಿ ನೋಡಿ ಸಂಪಾದಿಸಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು ಹೊರತಂದಿತು. ಇಂದು ನಾವು ಒಂದು ವಚನವನ್ನು ಸಂಪುಟ ಹೇಳಿ, ಸಂಖ್ಯೆ ಹೇಳಿ ತೆಗೆದು ತೋರಿಸಬಹುದಾದರೆ ಅದು ಈ ಹಿರಿಯರ ಪುಣ್ಯ.

ಈಗ ಎರಡನೆಯ ಅರ್ಥಕ್ಕೆ ಬರುತ್ತೇನೆ. ಕಿರುಮುದ್ರೆ. ವಚನದ ಕೊನೆಗೆ ಬರುವ ಇಷ್ಟದೈವದ ಹೆಸರನ್ನು ನಾವು ಅಂಕಿತ ಎನ್ನುತ್ತೇವೆ, ಮುದ್ರಿಕೆ ಎಂದೂ ಎನ್ನುತ್ತೇವೆ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಓಲೆಯಲ್ಲಿ ಕವಿಯ ಹೆಸರು ಇರದಿದ್ದರೂ ಅಂಕಿತ ನೋಡಿ ಇದು ಯಾರ ನುಡಿ ಎಂದು ಹೇಳಬಹುದು. ಹಾಗಾದರೆ ಒಂದು ವಚನಕ್ಕೆ ಎರಡು ಮುದ್ರೆಗಳಿವೆ. ಇದು ಯಾರ ನುಡಿ ಎಂದು ಹೇಳುವ ಶರಣರ ಮುದ್ರೆ ಅಂಕಿತ. ಇದು ಯಾವ ಓಲೆಯಿಂದ ನಮ್ಮ ಕೈಗೆ ಬಂತು ಎಂದು ಹೇಳುವ ಸಂಪಾದಕರ ಮುದ್ರೆ ಸಂಕೇತಾಕ್ಷರ. ಮೊದಲನೆಯದು ಹೋದರೆ ನುಡಿಗೆ ತಂದೆತಾಯಿ ಇಲ್ಲ. ಎರಡನೆಯದು ಹೋದರೆ ನುಡಿಗೆ ಸಾಕ್ಷಿ ಇಲ್ಲ.

ಸೂಳೆ ಸಂಕವ್ವೆಯನ್ನು ನೆನೆಯಿರಿ. ನಿರ್ಲಜ್ಜೇಶ್ವರ ಎಂಬ ಅಂಕಿತ. ನಮಗೆ ಸಿಕ್ಕಿರುವುದು ಆ ತಾಯಿಯ ಒಂದೇ ಒಂದು ವಚನ. ಯಾರೋ ಅದನ್ನು ಗರಿಯ ಮೇಲೆ ಬರೆದರು, ಯಾರೋ ಆ ಕಟ್ಟನ್ನು ಕಾಯ್ದರು. ಅದು ಸುಟ್ಟಿದ್ದರೆ, ಕೊಳೆತಿದ್ದರೆ, ಅಂಥ ಹೆಣ್ಣುಮಗಳೊಬ್ಬಳು ಶರಣರ ಸಾಲಿನಲ್ಲಿ ಕುಳಿತು ತನ್ನ ಮಾತಾಡಿದ್ದಳು ಎಂಬುದೇ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಅಲ್ಲಮಪ್ರಭುಗಳ ಅಂಕಿತವನ್ನೇ ನೋಡಿ. ಗುಹೇಶ್ವರ, ಗೊಹೇಶ್ವರ ಎಂಬ ಎರಡು ರೂಪಗಳನ್ನೂ ನೀವು ಅಚ್ಚಾದ ಪುಸ್ತಕಗಳಲ್ಲಿ ಕಾಣುತ್ತೀರಿ. ಇದಕ್ಕೆ ಸಿಟ್ಟಾಗಬೇಕಿಲ್ಲ. ‘ನಮ್ಮ ಪ್ರಭುವಿನ ಅಂಕಿತ ಕೆಡಿಸಿದರು’ ಎಂದು ಕೂಗಬೇಕಿಲ್ಲ. ಅಡಿಟಿಪ್ಪಣಿ ನೋಡಿ, ಯಾವ ಪ್ರತಿಯಲ್ಲಿ ಯಾವ ರೂಪವಿದೆ ಎಂದು ಕೇಳಿದರೆ ಸಾಕು, ಜಗಳವಿದ್ದ ಕಡೆ ಚರ್ಚೆ ಹುಟ್ಟುತ್ತದೆ. ಆದರೆ ಓಲೆಯ ಆಧಾರವಿಲ್ಲದೆ, ನಮ್ಮ ಮನಸ್ಸಿಗೆ ಹೀಗಿರಬೇಕೆನಿಸಿತು ಎಂದು ಅಂಕಿತವನ್ನು ಬದಲಿಸಿದರೆ ಅದು ಬೇರೆ ಮಾತು. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಪುಸ್ತಕದ ಮೇಲಿನ ನಿಷೇಧದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ನಿಷೇಧ ಸರಿ ಎಂದು ತೀರ್ಪಾದದ್ದು ನಿಮಗೆಲ್ಲ ಗೊತ್ತು. ಪುಸ್ತಕಕ್ಕೆ ನಿಷೇಧ ಬೇಕೋ ಬೇಡವೋ, ಅದನ್ನು ನಾನಿಲ್ಲಿ ಎತ್ತುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಶ್ರದ್ಧೆಯಿಂದ ಮಾಡಿದ ತಿದ್ದುಪಡಿಯೂ ತಿದ್ದುಪಡಿಯೇ. ಅನುಮಾನವಿದ್ದರೆ ಅದಕ್ಕೆ ಜಾಗ ಪುಟದ ಅಡಿಯಲ್ಲಿದೆ. ವಚನದ ಮೈಯಲ್ಲಿ ಕೈಯಾಡಿಸುವ ಹಕ್ಕು ನಮಗ್ಯಾರಿಗೂ ಇಲ್ಲ.

ದೂರದ ಉದಾಹರಣೆ ಯಾಕೆ, ನಮ್ಮ ಕೊಣ್ಣೂರಿನದೇ ಒಂದಿದೆ. ನಮ್ಮೂರಿನ ಶಿಲಾಶಾಸನ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೆಸರಿನದು. ಬಂಕೆಯ ಎಂಬ ಅವನ ಅಧಿಕಾರಿ ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಶಕ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಕೊಳನೂರೇ ಇಂದಿನ ಕೊಣ್ಣೂರು. ಆದರೆ ಆ ಕಲ್ಲು ನೃಪತುಂಗನ ಕಾಲದ್ದಲ್ಲ. ಒಂದು ತಾಮ್ರಶಾಸನವನ್ನು ನೋಡಿ ಬಹುಕಾಲದ ಮೇಲೆ ಕಲ್ಲಿಗೆ ಇಳಿಸಿದ್ದು ಎಂದು ಶಾಸನವೇ ಹೇಳಿಕೊಂಡಿದೆ. ಅಂದರೆ ನಮ್ಮೂರಿನ ಶಾಸನ ಒಂದು ಪ್ರತಿ. ಕೀಲ್‌ಹಾರ್ನ್ ಎಂಬ ಜರ್ಮನ್ ವಿದ್ವಾಂಸರು ಅದನ್ನು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಪ್ರಕಟಿಸಿ, ಇದನ್ನು ನೃಪತುಂಗನ ಕಾಲದ ನಿಜದಾಖಲೆ ಎಂದು ನಂಬಲಾಗದು ಎಂದು ತಲೆಬರಹದಲ್ಲಿಯೇ ಸಂಶಯ ಸೂಚಿಸಿದರು. ಊರಿನ ಅಭಿಮಾನಕ್ಕೆ ಇದು ಸ್ವಲ್ಪ ಚುಚ್ಚಬಹುದು. ನನಗೆ ಮಾತ್ರ ಹೆಮ್ಮೆ. ಕೆತ್ತಿಸಿದವರು ‘ಇದು ಪ್ರತಿ’ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕಲ್ಲು ಉಳಿಯಿತು. ಉಳಿದದ್ದರಿಂದಲೇ ಅನುಮಾನಪಡಲು, ಒರೆಗೆ ಹಚ್ಚಲು ಸಾಧ್ಯವಾಯಿತು. ಇಲ್ಲದ್ದನ್ನು ಯಾರೂ ಪರೀಕ್ಷಿಸಲಾರರು.

ಇಲ್ಲದ್ದರ ಮಾತು ಬಂತು. ಈಗ ನನ್ನ ಮನೆಯ ಕಥೆ ಹೇಳಬೇಕು. ಇದುವರೆಗೆ ಯಾವ ಸಭೆಯಲ್ಲಿಯೂ ಹೇಳಿಲ್ಲ.

ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಓಲೆಕಟ್ಟು ಇತ್ತು. ಎರಡು ಮರದ ಹಲಗೆಗಳ ನಡುವೆ ಗರಿಗಳು, ನಡುವೆ ತೂತು, ತೂತಿನೊಳಗೆ ದಾರ. ಮೇಲೆ ಕೆಂಪು ವಸ್ತ್ರ. ಅಜ್ಜ ಶ್ರಾವಣದಲ್ಲಿ ಅದನ್ನು ಬಿಚ್ಚಿ ಓದುತ್ತಿದ್ದರು. ಓಣಿಯ ಮಂದಿ ಪಡಸಾಲೆಯಲ್ಲಿ ಕುಳಿತು ಕೇಳುತ್ತಿದ್ದರು. ಅಜ್ಜ ಲಿಂಗೈಕ್ಯರಾದ ಮೇಲೆ ಅದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಆದರೆ ಪೂಜೆ ನಿಲ್ಲಲಿಲ್ಲ. ಆಯಿ ದಿನಾಲು ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಬೆಳಗುತ್ತಿದ್ದಳು. ಹಾಲಿನ ಕೈ, ಎಣ್ಣೆಯ ಕೈ, ನೀರಿನ ಕೈ. ಒಂದೊಂದಾಗಿ ಗರಿ ಅಂಟಿಕೊಂಡವು, ಅಂಚು ಉದುರತೊಡಗಿತು.

ನಾನು ಹತ್ತು ವರ್ಷದವನಿದ್ದಾಗ ಅಕ್ಕನ ಮದುವೆಗೆಂದು ಮನೆಗೆ ಸುಣ್ಣ ಬಳಿಸಿದರು. ಜಗಲಿ ಖಾಲಿ ಮಾಡುವಾಗ ಅಪ್ಪ ಕಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಆಮೇಲೆ ಆಯಿಗೆ ಹೇಳಿದರು: “ಯವ್ವಾ, ಓದೋರಿಲ್ಲದ ಶಾಸ್ತ್ರ ಮನ್ಯಾಗ ಇಟಗೋಬಾರದು ಅಂತಾರ. ಮುಕ್ಕಾಗೇತಿ ಬ್ಯಾರೆ. ಹೊಳಿಗೆ ಬಿಡೂನು.” ಹೊಸ ವಸ್ತ್ರದಲ್ಲಿ ಸುತ್ತಿದರು. ನಾನು ಕಾಯಿ, ಕರ್ಪೂರ ಹಿಡಿದುಕೊಂಡು ಬೆನ್ನು ಹತ್ತಿದೆ. ಮಲಪ್ರಭೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಅಪ್ಪ ಅದನ್ನು ಬಿಟ್ಟರು. ಕಟ್ಟು ಸ್ವಲ್ಪ ದೂರ ತೇಲಿ ಮುಳುಗಿತು. ಅಪ್ಪ ಕೈಮುಗಿದು ಅಂದರು: “ಈ ಹೊಳಿ ಕೂಡಲಸಂಗಮಕ್ಕ ಹೋಗತೈತಿ. ಎಲ್ಲಿಂದ ಬಂದಿತ್ತೋ ಅಲ್ಲೇ ಹೋತು.”

ಮಲಪ್ರಭೆ ಕೃಷ್ಣೆಯನ್ನು ಕೂಡುವುದು ಕೂಡಲಸಂಗಮದಲ್ಲಿಯೇ. ಅಪ್ಪನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರ ಭಕ್ತಿಯಲ್ಲಿಯೂ ಕೊರತೆಯಿರಲಿಲ್ಲ. ಒಡೆದ ಕಾಯಿಯ ಹೋಳು ನನ್ನ ಕೈಗೆ ಬಂತು, ತಿನ್ನುತ್ತಾ ಮನೆಗೆ ಬಂದೆ.

ಎಷ್ಟೋ ವರ್ಷಗಳ ಮೇಲೆ ಧಾರವಾಡದಲ್ಲಿ ಎಂ.ಎ. ಓದುವಾಗ ಗ್ರಂಥಸಂಪಾದನೆಯ ಪಾಠ ಬಂತು. ಗುರುಗಳು ಒಂದು ಸಂಪಾದಿತ ಗ್ರಂಥ ತೆರೆದು ‘ಪ್ರತಿಗಳ ವಿವರ’ ಓದಿಸಿದರು. ‘ಕ’ ಇಂಥ ಊರಿನ ಮಠದ್ದು. ‘ಖ’ ಇಂಥ ಊರಿನ ಗೃಹಸ್ಥರ ಮನೆಯದು, 14 ಗರಿಗಳಿಲ್ಲ. ‘ಗ’ ಮೊದಲಿಲ್ಲ, ಕೊನೆಯಿಲ್ಲ, ಆದರೂ ಕೆಲವು ಕಡೆ ಶುದ್ಧ ಪಾಠ ಇದರಲ್ಲೇ ಉಳಿದಿದೆ. ನನ್ನ ಕೈ ಪುಟದ ಮೇಲೆಯೇ ನಿಂತಿತು. ಮುಕ್ಕಾದ ಕಟ್ಟಿಗೂ ಒಂದು ಅಕ್ಷರ ಕೊಟ್ಟಿದ್ದಾರೆ! ಮುಕ್ಕಾಗಿದೆ ಎಂದು ನಾವು ಹೊಳೆಗೆ ಬಿಟ್ಟಿದ್ದೆವು. ಆ ಪಟ್ಟಿಯಲ್ಲಿ ನಾನು ಕೊಣ್ಣೂರನ್ನು ಹುಡುಕಿದೆ. ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

ನಮ್ಮ ಕಟ್ಟಿನಲ್ಲಿ ಏನಿತ್ತು? ಬಸವಣ್ಣನವರ ವಚನವೋ, ಯಾವುದೋ ಪುರಾಣವೋ, ಬರೀ ಔಷಧಿಯ ಯಾದಿಯೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೇ ಶಿಕ್ಷೆ. ಅಂದಿನಿಂದ ಯಾವ ವಚನಗ್ರಂಥ ತೆರೆದರೂ ನಾನು ಮೊದಲು ನೋಡುವುದು ಆ ಸಂಕೇತಾಕ್ಷರಗಳ ಪುಟವನ್ನು. ಅಲ್ಲಿ ಇರುವ ಒಂದೊಂದು ಅಕ್ಷರದ ಹಿಂದೆ ಹೊಳೆಗೆ ಬಿಡದೆ ತಡೆದ ಒಬ್ಬ ಅಜ್ಜ, ಒಬ್ಬ ಆಯಿ, ಒಬ್ಬ ಸ್ವಾಮಿಗಳು ಇದ್ದಾರೆ.

ಬಂಧುಗಳೆ, ಶರಣರು ಜಡಪೂಜೆಯನ್ನು ಒಪ್ಪಲಿಲ್ಲ ಎಂದು ನಾವು ಭಾಷಣ ಮಾಡುತ್ತೇವೆ. ಆದರೆ ಶರಣರ ನುಡಿಯನ್ನೇ ನಾವು ಜಡಮೂರ್ತಿ ಮಾಡಿ ಜಗಲಿಯ ಮೇಲಿಟ್ಟೆವು. ಓಲೆಗೆ ಆರತಿ ಎತ್ತಿದೆವು, ಓಲೆ ಓದಲಿಲ್ಲ. ಓದದ್ದರಿಂದ ಅದು ಏನೆಂದು ತಿಳಿಯಲಿಲ್ಲ, ತಿಳಿಯದ್ದರಿಂದ ಭಕ್ತಿಯಿಂದಲೇ ಅದನ್ನು ನೀರಿಗೆ ಹಾಕಿದೆವು. ನಮ್ಮ ಧರ್ಮಗ್ರಂಥ ವಚನ ಎಂದು ಎದೆ ತಟ್ಟಿ ಹೇಳುವ ನಮಗೆ ಈ ತಪ್ಪಿಗಿಂತ ದೊಡ್ಡ ತಪ್ಪು ಇದೆಯೇ?

2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೇ ಬಂದಳು. ಉಟ್ಟ ಬಟ್ಟೆಯಲ್ಲಿ ಹೊರಬಿದ್ದವರು ಈ ಸಭೆಯಲ್ಲಿಯೇ ಇದ್ದೀರಿ. ಆಗ ಯಾರ ಮನೆಯ ಅಟ್ಟದಿಂದ, ಯಾರ ಪೆಟ್ಟಿಗೆಯಿಂದ ಏನೇನು ಹೋಯಿತೋ. ಈಗ ಹೊಳೆಗೆ ನಾವು ಒಯ್ದು ಕೊಡಬೇಕಾಗಿಲ್ಲ, ಅವಳೇ ಬಂದು ಒಯ್ಯುತ್ತಾಳೆ. ಆದ್ದರಿಂದ ತಡ ಮಾಡುವ ಹಾಗಿಲ್ಲ. ನನ್ನ ಬೇಡಿಕೆ ನಾಲ್ಕು.

ಒಂದು. ಮನೆಯಲ್ಲಿ ಓಲೆಕಟ್ಟು, ಕೋರಿಕಾಗದದ ಪುಸ್ತಕ, ಹಳೆಯ ಕಡತ ಇದ್ದರೆ, ಮುಕ್ಕಾಗಿದ್ದರೂ ಸರಿ, ಬಿಸಾಡಬೇಡಿ, ಹೊಳೆಗೆ ಬಿಡಬೇಡಿ. ಅರಿಷಿಣ, ಕುಂಕುಮ, ಎಣ್ಣೆ, ನೀರು ತಾಗಿಸಬೇಡಿ. ಅಂಟಿದ ಗರಿಗಳನ್ನು ಬಲವಂತದಿಂದ ಬಿಡಿಸಬೇಡಿ. ಒಣಗಿದ ಅರಿವೆಯಲ್ಲಿ ಸುತ್ತಿ ಎತ್ತರದ ಜಾಗದಲ್ಲಿಡಿ.

ಎರಡು. ಕಟ್ಟು ನಿಮ್ಮದೇ, ಯಾರಿಗೂ ಕೊಡಬೇಕಾಗಿಲ್ಲ. ಮೊದಲು ಮಠಕ್ಕೆ ತಿಳಿಸಿ. ಬಿಡಿಯಾಗಿರುವ ಗರಿಗಳ ಎರಡೂ ಮೈಯ ಚಿತ್ರವನ್ನು ಮಕ್ಕಳು ಮೊಬೈಲಿನಲ್ಲಿ ತೆಗೆಯಲಿ. ಪಕ್ಕದಲ್ಲಿ ಒಂದು ಚೀಟಿ ಇಡಿ: ಯಾರ ಮನೆ, ಯಾವ ಊರು, ಯಾವ ದಿನಾಂಕ. ಆ ಚೀಟಿಯೇ ಮುಂದೆ ಒಂದು ಸಂಕೇತಾಕ್ಷರವಾಗುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಇಂಥ ಕೆಲಸಕ್ಕೆಂದೇ ಇವೆ. ಅಲ್ಲಿ ಓದಬಲ್ಲವರಿದ್ದಾರೆ.

ಮೂರು. ಭಾಷಣದಲ್ಲಿ, ಫ್ಲೆಕ್ಸಿನಲ್ಲಿ, ವಾಟ್ಸಪ್ಪಿನಲ್ಲಿ ವಚನ ಹಾಕುವಾಗ ಸಂಪುಟ ಮತ್ತು ಸಂಖ್ಯೆ ಹಾಕಿ. ಯಾರೋ ಮೊನ್ನೆ ಬರೆದ ಸಾಲಿಗೆ ಕೂಡಲಸಂಗಮದೇವ ಎಂದು ಹಚ್ಚಿ ಹರಿಬಿಡುವುದು ಈಗ ನಿತ್ಯದ ಕೆಲಸವಾಗಿದೆ. ಚಂದಾಗಿದೆ ಎಂದು ನಾವೂ ಮುಂದೆ ದೂಡುತ್ತೇವೆ. ಅದು ಬಸವಣ್ಣನವರ ಮುದ್ರೆಯನ್ನು ಕದ್ದು ಒತ್ತಿದಂತೆ. ಯಾವ ಸಂಪುಟ, ಎಷ್ಟನೆಯ ವಚನ ಎಂದು ಒಮ್ಮೆ ಕೇಳಿದರೆ ಅರ್ಧ ಸುಳ್ಳು ಅಲ್ಲೇ ನಿಲ್ಲುತ್ತದೆ.

ನಾಲ್ಕು. ಮಕ್ಕಳಿಗೆ ಕೀಲಿ ಕೊಡಿ. ‘ನಿ.ಪ್ರ.’ದಿಂದಲೇ ಶುರುಮಾಡಿ. ‘ಲಿಂ.’ ಎಂದರೆ ಏನು, ಅಂಕಿತ ಎಂದರೆ ಏನು, ಅಡಿಟಿಪ್ಪಣಿಯ ‘ಗ’ ಎಂದರೆ ಏನು, ಕೇಳಿದಾಗ ಹೇಳಿ. ನಮಗೇ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಕೇಳಿ ಹೇಳತೀನಿ’ ಎನ್ನಲು ನಾಚಬೇಡಿ.

ಈ ಗೋಷ್ಠಿಗೆ ಬರುವ ಮುಂಚೆ ಪೂಜ್ಯರಲ್ಲಿ ಒಂದು ವಿನಂತಿ ಮಾಡಿಕೊಂಡಿದ್ದೆ, ಅವರು ಒಪ್ಪಿದ್ದಾರೆ. ಇಂದು ಪ್ರಸಾದದ ಹೊತ್ತಿಗೆ ಪಡಸಾಲೆಯಲ್ಲಿ ಒಂದು ನೋಟಬುಕ್ ಇಟ್ಟಿರುತ್ತೇನೆ. ಮನೆಯಲ್ಲಿ ಹಳೆಯ ಓಲೆಯೋ ಕಡತವೋ ಇದ್ದವರು ಅದರಲ್ಲಿ ಬರೆಸಿರಿ. ಮೊದಲನೆಯದಕ್ಕೆ ‘ಕ’, ಎರಡನೆಯದಕ್ಕೆ ‘ಖ’ ಎಂದು ಹಾಕುತ್ತಾ ಹೋಗುತ್ತೇನೆ. ಯಾರೂ ಬರೆಸದೆ ಹೋಗಬಹುದು. ಆದರೂ ಆ ಪುಸ್ತಕದ ಮೊದಲ ಸಾಲನ್ನು ನಾನು ನಿನ್ನೆ ರಾತ್ರಿಯೇ ಬರೆದಿದ್ದೇನೆ: ‘ನಮ್ಮ ಮನೆಯ ಕಟ್ಟು, ಕೊಣ್ಣೂರು. ಎಷ್ಟು ಗರಿ ತಿಳಿಯದು. ಏನಿತ್ತು ತಿಳಿಯದು. ಮಲಪ್ರಭೆಗೆ ಬಿಡಲಾಗಿದೆ.’ ಅದಕ್ಕೆ ಅಕ್ಷರ ಕೊಟ್ಟಿಲ್ಲ. ಕಾಣದ ಪ್ರತಿಗೆ ಅಕ್ಷರ ಕೊಡುವುದು ನನಗೆ ಸರಿಕಾಣಲಿಲ್ಲ. ‘ಕ’ ನಿಮ್ಮ ಮನೆಯದಾಗಲಿ.